ಸಾವಿರದ ಮುನ್ನೂರರ ರೆಪ್ಪೆ

ಜರಡಿಯ ಕಾಲು ಮುರಿದದ್ದು ಶುಕ್ರವಾರ.
ವೆಲ್ಡಿಂಗ್ ಹುಡುಗ ನಾಳೆ ಅಂದ, ನಾಡಿದ್ದು ಅಂದ,
ಒಂದು ಟಾಕಾಗೆ ನೂರೈವತ್ತು ಅಂದ.
ಮರಳಿನಿಂದ ಮಂಡಕ್ಕಿ ಬೇರೆಯಾಗದೆ
ಹಿತ್ತಲ ಭಟ್ಟಿ ಎರಡು ದಿನ ತಣ್ಣಗೆ ಕೂತಿತು.

ಮಷೀನು ಮನೆಯಲ್ಲೇ ಇತ್ತು.
ತಮ್ಮ ಕಸುಬು ಬಿಟ್ಟು ಆಟೋ ಹಿಡಿದಾಗ
ನನ್ನ ಸಾಲಕ್ಕೆ ವಜಾ ಹಾಕಿಕೊಟ್ಟ ಪುಟ್ಟ ಪೆಟ್ಟಿಗೆ.
ಕಣ್ಣಿಗೆ ಹಿಡಿಯುವ ಗಾಜು ಮಾತ್ರ ಕೊಟ್ಟಿರಲಿಲ್ಲ.
ಒಡೆದಿತ್ತಂತೆ.

ಮುಖ ತಿರುವಿ, ಒಂದು ಕಣ್ಣು ಮುಚ್ಚಿ
ಮೂರು ಟಾಕಾ ಹಾಕಿದೆ. ಮೂರೇ.
ಕಾಲು ಸೊಟ್ಟಗೆ ಕೂತಿತು, ಆದರೂ ಕೂತಿತು.

ರಾತ್ರಿ ಹನ್ನೊಂದಕ್ಕೆ
ಭಟ್ಟಿಯ ಕಾದ ಮರಳನ್ನೆಲ್ಲ ಯಾರೋ
ನನ್ನೆರಡು ಕಣ್ಣಿಗೆ ಸುರಿದು
ಸೌಟು ಆಡಿಸತೊಡಗಿದರು.
ಇಪ್ಪತ್ತೆರಡು ವರ್ಷ ಅಕ್ಕಿಗೆ ನಾನು ಮಾಡಿದ್ದನ್ನು
ಅಕ್ಕಿ ಎಂದೂ ಹೇಳಿರಲಿಲ್ಲ.

ಆಲೂಗಡ್ಡೆ ಬಿಲ್ಲೆ ಇಟ್ಟರು. ಒದ್ದೆ ಬಟ್ಟೆ ಇಟ್ಟರು.
ಪಕ್ಕದ ಮನೆ ಕೊಟ್ರಮ್ಮ, ಮೂರು ತಿಂಗಳ ಬಾಣಂತಿ,
ನಿದ್ದೆಗಣ್ಣಲ್ಲೇ ಎದ್ದು ಬಂದು
ಏನೂ ಕೇಳದೆ ಒಂದೊಂದು ಹನಿ ಹಾಲು ಬಿಟ್ಟಳು.
ಬೆಳಿಗ್ಗೆ ದೊಡ್ಡಾಸ್ಪತ್ರೆಯ ಡಾಕ್ಟರು
ಹಾಲಿಗೂ ಆಲೂಗಡ್ಡೆಗೂ ಸೇರಿಸಿ ಬೈದು
ಡ್ರಾಪ್ಸು ಬರೆದುಕೊಟ್ಟರು.
ಕೊಟ್ರಮ್ಮನಿಗೆ ಅದನ್ನು ಹೇಳಲಿಲ್ಲ.

ನಾಲ್ಕನೇ ದಿನ ಬಿನ್ನಿ ಕಂಪನಿ ರಸ್ತೆ, ಬಕ್ಕೇಶಪ್ಪನ ಅಂಗಡಿ.
ತಾನೇ ಕಪ್ಪಾಗೋ ಟೋಪಿ ಕೊಡಪ್ಪಾ.
ಯಾರಿಗೆ ಮೌಲಾಬಿ?
ನನಗೇ.
ಒಂದು ಗಳಿಗೆ ಸುಮ್ಮನಿದ್ದು
ಅಟ್ಟದಿಂದ ಒಂದೊಂದೇ ತಲೆ ಇಳಿಸಿದ.
ಐದು ಸಾವಿರದ್ದು, ಮೇಲೊಂದು ಹದ್ದು.
ಎರಡೂವರೆ ಸಾವಿರದ್ದು, ಬೆಂಕಿ ಕಾರುವ ಬುರುಡೆ.
ಹಾಕ್ಕೊಂಡ್ರೆ ಗೋರಿಯಿಂದ ಎದ್ದು ಬಂದಂಗೆ ಕಾಣ್ತೀನಲ್ಲೋ,
ಬೋಳು ಕರೀದು ಇಲ್ವೇನು?

ಇತ್ತು. ಎಲ್ಲಕ್ಕಿಂತ ಕೆಳಗೆ, ಧೂಳು ಕುಡಿದು.
ದಿನಕ್ಕೆಷ್ಟು ತಾಸು ಹಚ್ತೀಯವ್ವ ಅಂದ.
ತಿಂಗಳಿಗೊಂದು ದಿನ, ಏನಾದ್ರೂ ಮುರಿದ್ರೆ.
ಹಂಗಾದ್ರೆ ಇದು ಸಾಕು. ಸೆಲ್ಲು ಬಿಚ್ಚಿ ಹಾಕಕ್ಕೆ ಬರ್ತೈತೆ,
ಬರದೇ ಇರೋದು ತಗಂಡ್ರೆ ಸೆಲ್ಲು ಸತ್ತ ದಿನ ಟೋಪಿನೂ ಸತ್ತಂಗೆ.
ಗಲ್ಲಾದ ಮೇಲಿನ ಟೀವಿ ರಿಮೋಟು ತಗೊಂಡು
ಗಾಜಿನ ಹಣೆಗೆ ಒತ್ತಿ ತೋರಿಸಿದ.
ಗಾಜು ಕಪ್ಪಾಯಿತು,
ಟೀವಿಯಲ್ಲಿ ಕ್ರಿಕೆಟ್ಟು ಹೋಗಿ ಭಕ್ತಿಗೀತೆ ಬಂತು.

ನಂಬಿಕೆ ಬರಲಿಲ್ಲ. ಹಾಕಿಕೊಂಡು ರಸ್ತೆಗಿಳಿದೆ.
ಹಮಾಲರು, ಗಾಡಿ, ಮೂಟೆ, ಎಮ್ಮೆ
ಎಲ್ಲ ಒಮ್ಮೆಲೇ ಹಸಿರು ರಾತ್ರಿಗೆ ಬಿದ್ದವು.
ಸೂರ್ಯ ನೆತ್ತಿಯ ಮೇಲೆ
ಸವೆದ ನಾಲ್ಕಾಣೆ.

ಅಂಗಡಿ ಕಟ್ಟೆಯ ಮೇಲೆ ಚಮನ್ ಸಾಬರು ಕೂತಿದ್ದರು,
ನಲವತ್ತು ವರ್ಷ ಬಸ್ಸಿನ ಬಾಡಿ ಕಟ್ಟಿದವರು,
ಕಣ್ಣಲ್ಲಿ ಸುಣ್ಣದ ತಿಳಿ.
ಕೊಡಮ್ಮ ಇಲ್ಲಿ, ಅಂತ ಹಾಕಿಕೊಂಡರು,
ಬಿಸಿಲಿಗೆ ಮುಖ ಮಾಡಿದರು, ತೆಗೆದರು, ಮತ್ತೆ ಹಾಕಿಕೊಂಡರು.
ನಂಗೆ ಹಾಕಿದ್ರೂ ಅಷ್ಟೇ, ತೆಗೆದ್ರೂ ಅಷ್ಟೇ,
ಅಂತ ತಾವೇ ನಕ್ಕರು.
ಆಮೇಲೆ ಗಾಜನ್ನು ಹೆಬ್ಬೆರಳಲ್ಲಿ ಒರೆಸುತ್ತಾ:
ನಾವು ಮೊದಲು ಕತ್ತಲೆ ಹಾಕ್ಕೊಂಡು ಆಮೇಲೆ ಕಬ್ಬಿಣ ಹುಡುಕ್ತಿದ್ವಿ.
ಎಲ್ಲಿ ಶುರು ಮಾಡ್ಬೇಕು ಅನ್ನೋದು ಇದ್ರಾಗೆ ಕಾಣ್ತೈತೆ. ತಗೋ.

ಸಾವಿರದ ನಾನೂರೈವತ್ತು, ಚೌಕಾಸಿ ಮಾಡಿ ಮುನ್ನೂರು.
ಒಂಬತ್ತು ಟಾಕಾಗಿಂತ ಕಮ್ಮಿ.

ಮನೆಗೆ ಬಂದು ಸೊಟ್ಟ ಕಾಲು ಕತ್ತರಿಸಿದೆ.
ಜಾಗ ನೋಡಿಕೊಂಡು, ನೋಡುತ್ತಲೇ, ರಾಡು ಮುಟ್ಟಿಸಿದೆ.
ನಾನು ರೆಪ್ಪೆ ಬಡಿಯುವ ಮೊದಲೇ
ಅದು ಬಡಿದಾಗಿತ್ತು.
ಕತ್ತಲ ನಡುವೆ ಅಕ್ಕಿಕಾಳಿನಷ್ಟು ಬೆಳಕು
ಅರಳದೆ ಕರಗುತ್ತಾ,
ಕರಗುತ್ತಾ ಮುಂದೆ ಸರಿಯುತ್ತಿತ್ತು.
ನಾನು ಇಷ್ಟು ದಿನ ಇದಕ್ಕೇ ಬೆನ್ನು ಹಾಕಿದ್ದು.

ಗೋಡೆಯಾಚೆ ಕೂಸು ಅತ್ತಿತು. ಕೈ ಎತ್ತಿದೆ.
ಗಾಜಿನೊಳಗೆ ಹಿತ್ತಲು ಮರಳಿ ಬಂತು,
ಹಗ್ಗದ ಮೇಲಿನ ಕುಪ್ಪಸ, ಬೂದಿ, ಕೋಳಿ.
ತೊಟ್ಟಿಲ ಕೊಂಡಿ ಸವೆದಿದೆ ಅಂದಿದ್ದಳು ಕೊಟ್ರಮ್ಮ.
ನಾಳೆ ತರಲಿ.
ಕೂಸನ್ನು ಒಳಗೆ ಮಲಗಿಸಿ ಬರಲಿ, ತಾನೂ ಆಚೆ ನಿಲ್ಲಲಿ.
ಇರುವುದು ಒಂದೇ.