ಹತ್ತಕ್ಕೆ ಎಂಟೂವರೆ

ಕೊರಳಿನ ಟೇಪು ತೆಗೆದು
ಈ ಸಲ ಮನೆಯ ಅಳತೆ ಹಿಡಿದೆ.
ಹತ್ತಕ್ಕೆ ಎಂಟೂವರೆ.
ಅದರಲ್ಲಿ ಮೆಷಿನ್ನು ಕಳೆ, ಮಂಚ ಕಳೆ,
ಗ್ಯಾಸು, ನೀರಿನ ಎರಡು ಕ್ಯಾನು,
ಇಂಚರಳ ಪುಸ್ತಕದ ಟ್ರಂಕು ಕಳೆದರೆ
ಉಳಿಯುವುದು ಒಂದು ಚಾಪೆ.
ಅದೂ ಹಗಲಲ್ಲಿ,
ಕೆಂಪರಾಜು ಡ್ಯೂಟಿಗೆ ಹೋದ ಮೇಲೆ.

ಬಲಭುಜ ಹಿಡಿದುಕೊಂಡಿದೆ.
ಕಾಮಾಕ್ಷಿಪಾಳ್ಯದ ಅರ್ಧ ಹೆಂಗಸರಿಗೆ ತೋಳು ಕೂರಿಸಿದವಳು
ನನ್ನ ತೋಳೆತ್ತಿ ಜಡೆ ಹೆಣೆದುಕೊಳ್ಳಲಾರೆ.

ಡಾಕ್ಟರು ನಿಖತ್, ಇನ್ನೂ ಸಣ್ಣ ಹುಡುಗಿ,
ಭುಜ ತಿರುಗಿಸಿ, ನಾನು ಹಲ್ಲು ಕಚ್ಚಿದ್ದು ನೋಡಿ
‘ಮಾತ್ರೆ ಕಮ್ಮಿ, ಕಸರತ್ತು ಜಾಸ್ತಿ’ ಅಂದರು.
‘ಏನಾದರೂ ಒಂದು ಸಾಮಾನು ತಗೊಳ್ಳಿ, ಚಿಕ್ಕದು ಸಾಕು.’
ಚಿಕ್ಕದು ಅಂದರೆ ಎಷ್ಟು ಚಿಕ್ಕದು, ಮೇಡಂ?

ಮಾಗಡಿ ರೋಡಿನ ಅಂಗಡಿಯಲ್ಲಿ
ಹುಡುಗ ಮೊದಲು ತೋರಿಸಿದ್ದು ಟ್ರೆಡ್‌ಮಿಲ್ಲು.
‘ಭುಜಕ್ಕೆ’ ಅಂದೆ. ಕೇಳಿಸಲಿಲ್ಲ.
‘ಮಡಚಿದರೆ ಮಂಚದ ಕೆಳಗೆ ಹೋಗುತ್ತೆ ಆಂಟಿ.’
ಇದು ಹೋಗುತ್ತಪ್ಪ, ಸರಿ,
ಮಂಚದ ಕೆಳಗಿರುವುದು ಎಲ್ಲಿಗೆ ಹೋಗುತ್ತೆ?
ರಾಗಿ ಡಬ್ಬ, ಅತ್ತೆಯ ಒರಳು,
ಹೋದ ಹೋದ ದೀಪಾವಳಿಗೆ ಹೊಲಿಸಿ
ಇನ್ನೂ ಒಯ್ಯದವರ ಹದಿನಾಲ್ಕು ರವಿಕೆ?

ಸೈಕಲ್ಲು ಬೇಡ. ಮೇಲಿನ ಮನೆಯ ಪುಷ್ಪಲತಾ ತಂದಿದ್ದಳು.
ಒಂದು ತಿಂಗಳು ತುಳಿದಳು,
ಆಮೇಲೆ ಅದರ ಮೇಲೆ ಟವೆಲು ಬಂತು,
ಟವೆಲಿನ ಮೇಲೆ ಮಕ್ಕಳ ಒದ್ದೆ ಯೂನಿಫಾರ್ಮು.
ಮೀಟರು ಮಾತ್ರ ಇಣುಕುತ್ತದೆ: ಸೊನ್ನೆ ಕಿಲೋಮೀಟರು.

ಡಂಬೆಲ್ಸು ಎತ್ತಿ ನೋಡಿದೆ. ಎರಡು ಕೇಜಿ.
ನನ್ನ ಇದ್ದಿಲ ಇಸ್ತ್ರಿಪೆಟ್ಟಿಗೆ ನಾಲ್ಕು.
ಇಪ್ಪತ್ತು ವರ್ಷ ಬಿಟ್ಟಿಯಾಗಿ ಎಳೆದಾಡಿದ್ದೇನೆ,
ಮುಂದಕ್ಕೆ, ಹಿಂದಕ್ಕೆ;
ಮೇಲಕ್ಕೆ ಯಾವತ್ತೂ ಇಲ್ಲ.
ಮತ್ತೆ, ಕೈ ಜಾರಿದರೆ ಕೆಳಗೆ ಓನರ್ ಗಂಗಹನುಮಯ್ಯನವರ ತಲೆ.
ಕತ್ತರಿ ಬಿದ್ದರೇ ಮೆಟ್ಟಿಲು ಹತ್ತಿ ಬರುವವರು.

ಮೂಲೆಯ ಮೊಳೆಯಲ್ಲಿ ನೇತಾಡುತ್ತಿತ್ತು ನೀಲಿ ರಬ್ಬರು ಪಟ್ಟಿ.
ಅಯ್ಯೋ, ಎಲಾಸ್ಟಿಕ್ಕು!
ಇದರ ಜಾತಕ ನನಗೆ ಗೊತ್ತು.
ಎಳೆದೆ, ಬಿಟ್ಟೆ, ಬೆಳಕಿಗೆ ಹಿಡಿದು ಬಿರುಕು ಹುಡುಕಿದೆ,
ಹೋದಷ್ಟೇ ವಾಪಸು ಬಂತೋ ಟೇಪಿಟ್ಟು ನೋಡಿದೆ.
ಹುಡುಗ ನಕ್ಕ.
ಮುನ್ನೂರೈವತ್ತು, ಒಂದು ಪೈಸೆ ಬಿಡಲಿಲ್ಲ;
ಚಿಕ್ಕಪೇಟೆಯಲ್ಲಿ ಆ ದುಡ್ಡಿಗೆ ಒಂದು ಉಂಡೆ ಬರುತ್ತಿತ್ತು.
ಬಾಬಿನ್ನಿನ ಡ್ರಾಯರಿನಲ್ಲಿ ಸುತ್ತಿಟ್ಟೆ. ಹಿಡಿಸಿತು.

ಜೊತೆಗಿದ್ದ ಚೀಟಿಯನ್ನು ಇಂಚರ ಓದಿದಳು:
‘ಗಂಟನ್ನು ಬಾಗಿಲ ಸಂದಿಗೆ ಸಿಕ್ಕಿಸಿ. ಬಾಗಿಲು ಮುಚ್ಚಿ.’

ಬಾಗಿಲು ಮುಚ್ಚಿ.
ಇದನ್ನು ಅಂಗಡಿಯವನು ಹೇಳಲೇ ಇಲ್ಲ.
ಹಾಲು ಬಂದಾಗ ತೆರೆದದ್ದು ರಾತ್ರಿ ಊಟಕ್ಕೇ ಮುಚ್ಚುವುದು,
ಹನ್ನೊಂದು ವರ್ಷದಿಂದ.
ತೆರೆದ ಬಾಗಿಲೇ ನನ್ನ ಬೋರ್ಡು.
ಮುಚ್ಚಿದರೆ ಊರಿಗೆ ಹೋದಳು ಅಂತಾರೆ,
ಇಲ್ಲವೇ ಯಾರಿಗೋ ಏನೋ ಆಯಿತು ಅಂತಾರೆ.

ಸೋಮವಾರ ಮಧ್ಯಾಹ್ನ ಮುಚ್ಚಿದೆ.
ಚಿಲಕ ಬಿಗಿದಿತ್ತು, ಮೆಷಿನ್ನಿನ ಎಣ್ಣೆ ಬಿಟ್ಟೆ.
ಹಗಲಲ್ಲೇ ಟ್ಯೂಬ್‌ಲೈಟು ಹಾಕಿದೆ.
ಬಾಗಿಲ ಬೆನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ:
ಪೆನ್ಸಿಲ್ಲಿನಲ್ಲಿ ಇಂಚರಳ ಎತ್ತರ, ಯುಕೆಜಿ, ಒಂದನೇ ಕ್ಲಾಸು,
ಐದನೆಯದರ ಗೆರೆ ನನ್ನ ಕಿವಿಯ ಮಟ್ಟಕ್ಕೆ.
ಆಮೇಲೆ ಯಾರೂ ಗೆರೆ ಎಳೆದಿಲ್ಲ.

ಒಂದು. ಎರಡು.
ನಾಲ್ಕಕ್ಕೆ ಭುಜದೊಳಗೆ ಯಾರೋ ಹಳೆ ಹೊಲಿಗೆ ಬಿಚ್ಚಿದ ಹಾಗೆ.
ಐದು. ಆರು.
ಟಕಟಕ.
‘ಅಕ್ಕಾ, ಸೀರೆ ಪೀಕೋ ಆಯ್ತಾ?’

ಪಟ್ಟಿ ಪೂರ್ತಿ ಎಳೆದಿದೆ,
ಕೈ ಐದನೇ ಕ್ಲಾಸಿನ ಗೆರೆ ಮುಟ್ಟುವುದಕ್ಕೆ ಎರಡು ಬೆರಳು ಬಾಕಿ.
ಬಿಟ್ಟರೆ ಮುಖಕ್ಕೇ ಹೊಡೆಯುತ್ತದೆ.
‘ಹತ್ತು ನಿಮಿಷ’ ಅಂದೆ.
ಮೆಲ್ಲಗೇ ಅಂದದ್ದು.
ಆಚೆ ಚಪ್ಪಲಿಯ ಸದ್ದು ಮೆಟ್ಟಿಲು ಇಳಿಯಲಿಲ್ಲ, ನಿಂತಿತು.
ನಿಲ್ಲಲಿ.

ಏಳು.