ಗ್ರಿಮ್ಸ್‌ಬಿಯ ಗುಂಯ್

ರಾತ್ರಿ ಹನ್ನೊಂದೂವರೆ. ಮೀನು ಬಂದರಿನ ಹಿಂದಿನ ಬೀದಿ.
ಕೌನ್ಸಿಲ್ಲಿನ ವ್ಯಾನಿನಿಂದ ಮುಕ್ಕಾಲಿ ಇಳಿಸಿ
ಎನಿಡ್ ಬಾರಿಲ್ ಮಲಗುವ ಕೋಣೆಯಲ್ಲಿ ನಿಲ್ಲಿಸಿದೆ.
ಅದರ ತಲೆಗೆ ಮೈಕು, ಮೈಕಿಗೆ ಸ್ಪಂಜಿನ ಕುಲಾವಿ.
"ಅದಕ್ಕೂ ಶೀತ ಆಗುತ್ತಾ?" ಅಂದಳು.
ಇದು ಅವಳ ಹದಿನಾಲ್ಕನೇ ದೂರು. ನನಗೆ ಮೊದಲನೆಯದು.

"ಏನು ಕೇಳಿಸುತ್ತೆ?"
"ಕೇಳಿಸೋದಲ್ಲ. ಒಳಗೆ ಬಂದು ಕೂತಿರುತ್ತೆ.
ಪಕ್ಕದ ಮನೆಯಲ್ಲಿ ಯಾರೋ ಬಾಯಿ ಮುಚ್ಚಿಕೊಂಡು
'ಮ್' ಅಂತ ಒಪ್ಪುತ್ತಲೇ ಇರುವ ಹಾಗೆ, ಬೆಳಗಾಗುವ ತನಕ."

ಗಂಡ ವಾಲ್ಟ್, ಟ್ರಾಲರುಗಳ ಎಂಜಿನ್ ಕೋಣೆಯಲ್ಲಿ ಮೂವತ್ತೊಂದು ವರ್ಷ,
ಎರಡೂ ಕಿವಿಯ ಯಂತ್ರ ತೆಗೆದು ನೀರಿನ ಲೋಟದ ಪಕ್ಕ ಇಟ್ಟು
"ಏನೂ ಇಲ್ಲಮ್ಮ, ಎಲ್ಲ ಇವಳ ತಲೆಯೊಳಗೆ" ಎಂದು
ಗೋಡೆ ಕಡೆ ತಿರುಗಿ ಮಲಗಿದ.

ಎ ಗುಂಡಿ ಒತ್ತಿದೆ.
ಇಪ್ಪತ್ತೆಂಟು.
ಗ್ರಂಥಾಲಯಕ್ಕಿಂತ ಕಡಿಮೆ.
ಯಂತ್ರ ಕಿವುಡನ ಮಾತಿಗೆ ಸಹಿ ಹಾಕಿತು.

ಎ ಅಂದರೆ ಏನೆಂದು ಹೇಳಬೇಕು.
ಹಿಂದೆ ಯಾವಾಗಲೋ ಆರೋಗ್ಯದ ಕಿವಿಗಳನ್ನು ಸಾಲಾಗಿ ಕೂರಿಸಿ
ಒಂದು ದಪ್ಪ ದನಿ, ಒಂದು ಸಣ್ಣ ದನಿ ಕೇಳಿಸಿ, ಕೇಳಿದರು:
ಇದು ಅದರಷ್ಟೇ ಇದೆಯೆ? ಇನ್ನೂ ತುಸು? ಈಗ?
ಅವರು ಹೂಂ ಅಂದಲ್ಲೆಲ್ಲ ಚುಕ್ಕಿಯಿಟ್ಟು
ಚುಕ್ಕಿ ಕೂಡಿಸಿ ಗೆರೆ ಎಳೆದರು.
ಆ ಗೆರೆ ಎಡಗಡೆಗೆ ಬೆಟ್ಟದಂತೆ ಏರುತ್ತದೆ.
ಮಂದ್ರಕ್ಕೆ ನಮ್ಮ ಕಿವಿ ಮಂದ;
ಮಗು ಚೀರುವ ಎತ್ತರದಲ್ಲಿ ಮಾತ್ರ
ಸೂಜಿ ಬಿದ್ದರೂ ಎದ್ದು ಕೂರುವ ಜಾತಿ ನಮ್ಮದು.
ಅದಕ್ಕೇ ಈ ಎ, ಜರಡಿ ಹಿಡಿದು ಮಂದ್ರವನ್ನು ಚೆಲ್ಲುತ್ತದೆ:
ಸೆಕೆಂಡಿಗೆ ಐವತ್ತು ಸಲ ನಡುಗುವ ಸದ್ದಿಗೆ
ಮೂವತ್ತು ಅಂಕ ಕಡಿತ.

ಕಿವಿ ಮೊದಲೇ ಜಿಪುಣ ಲೆಕ್ಕಿಗ.
ಹತ್ತು ಪಟ್ಟು ತಂದು ಸುರಿದರೂ
"ಎರಡರಷ್ಟು ಇರಬಹುದು" ಎಂದು ಬರೆದುಕೊಳ್ಳುತ್ತದೆ.
ಸೊನ್ನೆ ಎಂದರೆ ಮೌನವೂ ಅಲ್ಲ,
ಎಳೆಯ ಕಿವಿಯ ಹೊಸ್ತಿಲು ಅಷ್ಟೇ;
ಅದರಾಚೆಗೂ ಸದ್ದು ಅಂಗಳದಲ್ಲಿ ಓಡಾಡುತ್ತಿರುತ್ತದೆ, ಬಾಗಿಲು ತಟ್ಟದೆ.
ನನ್ನ ಮನೆಮಾತಿನಲ್ಲಿ ಸದ್ದು ಬೇರೆ, ಸಪ್ಪಳ ಬೇರೆ,
ಗದ್ದಲ ಬೇರೆ, ರಚ್ಚೆ ಬೇರೆಯೇ.
ರಚ್ಚೆ ಎಂದರೆ ಎಷ್ಟು ಡೆಸಿಬೆಲ್ ಎಂದು
ನಮ್ಮಜ್ಜಿಯನ್ನು ಯಾರೂ ಕೂರಿಸಿ ಕೇಳಲಿಲ್ಲ.

ಸಿ ಗುಂಡಿ ಒತ್ತಿದೆ. ಜರಡಿ ಸರಿಯಿತು.
ಐವತ್ತೇಳು.
"ನೋಡಿದಿರಾ" ಅಂದಳು ಎನಿಡ್, ಗೆದ್ದವರ ದನಿಯಲ್ಲಲ್ಲ,
ಊರೆಲ್ಲ ಹುಡುಕಿದ ಕೀಲಿಕೈ
ತನ್ನದೇ ಜೇಬಿನಲ್ಲಿ ಸಿಕ್ಕವರ ಹಾಗೆ.
ಕಿಟಕಿಯಾಚೆ ಶೀತಲಗೃಹದ ಕಂಪ್ರೆಸರು
ಟನ್ನುಗಟ್ಟಲೆ ಹ್ಯಾಡಕ್ ಮೀನಿನ ನಿದ್ದೆ ಕಾಯುತ್ತಿತ್ತು.
ನನ್ನ ನಮೂನೆಯಲ್ಲಿ ಸಿಗೆ ಕಾಲಂ ಇಲ್ಲ.
ಇಲ್ಲವೆಂದು ಅವಳಿಗೆ ಹೇಳಲಿಲ್ಲ. ಚಹಾ ಕುಡಿದೆವು.

ಮೂರು ಗಂಟೆ ಹನ್ನೆರಡು ನಿಮಿಷಕ್ಕೆ ಅದು ನಿಂತಿತು.
ನನಗೆ ಗೊತ್ತಾದದ್ದು ಕಿವಿಯಲ್ಲಲ್ಲ, ಹೆಗಲಲ್ಲಿ:
ಹೊತ್ತಿದ್ದೇನೆಂದೇ ತಿಳಿಯದ ಮೂಟೆ ಯಾರೋ ಇಳಿಸಿದ ಹಾಗೆ.
ಎನಿಡ್ ಕುರ್ಚಿಯಲ್ಲೇ, ಬಸಿ ಕೈಯಲ್ಲಿ ಹಿಡಿದೇ,
ನಿದ್ದೆ ಹೋದಳು.

ಆಗ ವಾಲ್ಟ್ ಬೆಚ್ಚಿ ಎದ್ದ.
ಕಿವಿಯಲ್ಲಿ ಏನೂ ಇಲ್ಲ; ಬರಿಗಾಲು ನೆಲಕ್ಕೂರಿ
ಅಂಗೈಯನ್ನು ಗೋಡೆಗೆ ಒತ್ತಿ, ಕತ್ತಲಲ್ಲಿ
ಗಟ್ಟಿಯಾಗಿ, ಅಳತೆಯಿಲ್ಲದ ಗಟ್ಟಿಯಲ್ಲಿ ಕೇಳಿದ:
"ಎಂಜಿನ್ ಯಾರು ನಿಲ್ಲಿಸಿದ್ದು?"

ನಮೂನೆಯ ಕೆಳಗೆ, ಷರಾ ಎಂಬ ಖಾಲಿ ಜಾಗದಲ್ಲಿ ಬರೆದೆ:
ಸಾಕ್ಷಿ, ವಾಲ್ಟರ್ ಬಾರಿಲ್. ಕಿವುಡ.