ಷರಾ

ನೆವಾಡಾದ ಈ ಕಚೇರಿಗೆ ಕಿಟಕಿ ಒಂದೇ.
ಅದರಾಚೆ ಉಪ್ಪಿನ ಬಯಲು, ಬಯಲಾಚೆ ಉಗಿ.
ಚಳಿಗಾಲದ ಬೆಳಿಗ್ಗೆ ಮಾತ್ರ ಕಾಣುತ್ತದೆ,
ಯಾರೋ ನೆಲದ ಕೆಳಗೆ ಸೌದೆ ಒಟ್ಟಿ
ಹಂಡೆಗೆ ಉರಿ ಹಾಕಿದಂತೆ.

ನನ್ನ ಕೆಲಸ ಉಗಿಯದಲ್ಲ, ಕಾಗದದ್ದು.
ನಲವತ್ತಾರು ವರ್ಷದ ಕಡತ, ನೂರಾ ಹನ್ನೆರಡು ಪೆಟ್ಟಿಗೆ.
ಕೊರೆಯಲು ಬಂದವರು ಬಂದಾಗಲೆಲ್ಲ
ಇದರಿಂದ ಏನಾದೀತು, ಯಾರಿಗಾದೀತು ಎಂದು
ಸರ್ಕಾರ ಕೇಳಿದ್ದು, ಕೇಳಿಸಿಕೊಂಡದ್ದು,
ಕೇಳಿಸಿಕೊಂಡು ಪೆಟ್ಟಿಗೆಗೆ ಹಾಕಿದ್ದು.

ರೀನೋದಿಂದ ಬಂದ ಹುಡುಗ ಥಾಡಿಯಸ್
ಕೋಷ್ಟಕ ಕೊಟ್ಟು ಹೋಗಿದ್ದಾನೆ, ಹನ್ನೆರಡು ಅಂಕಣ:
ಗುತ್ತಿಗೆ ಸಂಖ್ಯೆ, ಇಸವಿ, ಬಾವಿಯ ಆಳ,
ಪ್ರಾಣಿ, ಪಕ್ಷಿ, ನೀರು, ನಿರ್ಣಯ ಇತ್ಯಾದಿ.
"ಎಲ್ಲ ಇದರೊಳಗೆ ಕೂತರೆ, ಮೈಟೆ,
ಮೂರು ವರ್ಷದ ಪರವಾನಗಿ ಮೂರು ತಿಂಗಳಿಗೆ."
ಕೂರಿಸುತ್ತಿದ್ದೇನೆ.
ನನ್ನಜ್ಜ ಪಿರನೀಸ್ ಬೆಟ್ಟ ಬಿಟ್ಟು ಬಂದು ಇಲ್ಲಿ ಕುರಿ ಎಣಿಸಿದವನು.
ಸಂಜೆ ದೊಡ್ಡಿಗೆ ಒಂದು ಕಡಿಮೆ ಬಂದರೂ
ಲಾಂದ್ರ ಹಿಡಿದು ಹೊರಡುತ್ತಿದ್ದನಂತೆ.

ಬುಗ್ಗೆ ಒಂದೇ, ಹೆಸರು ನಾಲ್ಕು.
ಎಪ್ಪತ್ತೊಂಬತ್ತರಲ್ಲಿ ಸೋಡಾ ಹೊಂಡ,
ಎಂಬತ್ತಾರರಲ್ಲಿ ಬುಗ್ಗೆ ನಂಬರ್ ಏಳು,
ಆಮೇಲೆ ಯಾರದೋ ಸತ್ತ ಕುದುರೆಯ ಹೆಸರು,
ಆಮೇಲೆ ಬರೀ ಅಕ್ಷಾಂಶ, ರೇಖಾಂಶ.
ಒಂದೇ ಕಪ್ಪೆಯನ್ನು ನಾಲ್ಕು ತಂಡ
ನಾಲ್ಕು ಸಲ ಹೊಸದಾಗಿ ಕಂಡುಹಿಡಿದಿವೆ.
ಕಪ್ಪೆಗೆ ಗೊತ್ತಿಲ್ಲ.
ಒಂದೇ ವಾಕ್ಯ ಕಡತದಿಂದ ಕಡತಕ್ಕೆ ನಡೆದು ಬಂದಿದೆ
ಕಾಗುಣಿತದ ತಪ್ಪಿನ ಸಮೇತ:
'ಗಮನಾರ್ಥ ಪರಿಣಾಮ ಕಂಡುಬಂದಿಲ್ಲ.'
ಅಡ್ಡಗೋಡೆಯ ಮೇಲಿನ ದೀಪ;
ಎರಡೂ ಕಡೆ ಮಬ್ಬು.

ಮೂವತ್ತೊಂಬತ್ತನೆಯ ಪೆಟ್ಟಿಗೆಯಲ್ಲಿ ಒಂದು ಪತ್ರ.
ಪೆನ್ಸಿಲ್ಲಿನದು, ಗೆರೆ ಹಾಕಿದ ಶಾಲೆಯ ಹಾಳೆ.
ಬರೆದವಳು ಪೈಯೂಟ್ ಕಾಲೊನಿಯ ಆರ್ವಿಲ್ಲಾ ಸ್ಯಾಮ್.
"ನೀವು ಕೊರೆದ ವರ್ಷ ನೀರು ಒಂದು ಗೇಣು ಇಳಿಯಿತು.
ಅಮ್ಮ ಮೊಣಕಾಲಿಗೆ ಮೆತ್ತುವ ಕೆಸರು ತಣ್ಣಗಾಯಿತು.
ನೀರಲ್ಲಿ ನಿಂತ ಬೇಲಿಗೂಟಕ್ಕೆ ಮೊಳೆ ಹೊಡೆದು ಗುರುತಿಟ್ಟಿದ್ದೇನೆ.
ಬಂದು ನೋಡಿ."
ಯಾರೂ ಹೋದಂತಿಲ್ಲ.
'ಸ್ವೀಕರಿಸಲಾಗಿದೆ' ಎಂಬ ನೇರಳೆ ಮೊಹರು
'ಬಂದು' ಎಂಬಲ್ಲೇ ಬಿದ್ದಿದೆ.

ಐವತ್ತೆಂಟನೆಯ ಪೆಟ್ಟಿಗೆಯಲ್ಲಿ ಮತ್ತೆ ಅವಳು.
ಎಪ್ಪತ್ತರಲ್ಲೂ, ಈ ಸಲ ಟೈಪು ಮಾಡಿಸಿ.
ತೊಂಬತ್ತೊಂದರಲ್ಲಿ ಅಕ್ಷರ ನಡುಗುತ್ತವೆ, ಮೊಳೆ ಐದಾಗಿವೆ.

ಈ ವಾರ ಹೊಸ ಅರ್ಜಿ. ಒಳ್ಳೆಯ ಜನವೇ,
ಕಲ್ಲಿದ್ದಲು ಸುಡದೆ ಊರಿಗೆ ಬೆಳಕು ತರುವವರು.
ದಮ್ಮು ಕಟ್ಟುವ ನನ್ನ ಮೊಮ್ಮಗಳಿಗೂ ಅದು ಬೇಕು.
ಪದ್ಧತಿಯಂತೆ ಫೋನು ಮಾಡಿದೆ:
ಬುಗ್ಗೆಯ ಬಗ್ಗೆ ತಮ್ಮ ಅಭಿಪ್ರಾಯ?
ಆ ಕಡೆ ತುಸು ಹೊತ್ತು ಟೀವಿಯ ಸದ್ದು.
"ನನಗೀಗ ಎಂಬತ್ತೆಂಟು, ತಾಯಿ.
ಹಿಂದೆ ಹೇಳಿದ್ದೆಲ್ಲ ಎಲ್ಲಿಟ್ಟಿರಿ?"

ಇಷ್ಟು ಕಾಲ ತಡವಾದದ್ದು
ಎಚ್ಚರದಿಂದ ಎಂದುಕೊಂಡಿದ್ದೆ.

ಥಾಡಿಯಸ್‌ಗೆ ಬರೆದೆ: ಹದಿಮೂರನೆಯ ಅಂಕಣ ಬೇಕು.
ಹೆಸರು: ಷರಾ.
ಯಂತ್ರಕ್ಕೆ ಅಂಕಿ ಬೇಕು, ಕಥೆಯಲ್ಲ ಎಂದ.
ಅಂಕಿಯೇ, ಎಂದೆ. ಒಂದು ಗೇಣು. ಐದು ಮೊಳೆ.

ಶನಿವಾರ ಗಾಡಿ ತೆಗೆದೆ.
ಬೂಟು ಬಿಚ್ಚಿ, ಪ್ಯಾಂಟು ಮಡಿಸಿ, ಗೂಟದವರೆಗೆ.
ಕಡತದಲ್ಲಿ ಐದು, ಗೂಟದಲ್ಲಿ ಏಳು.
ಎರಡು, ಯಾರೂ ಕೇಳದ ವರ್ಷಗಳವು.
ಅದರಲ್ಲೊಂದು ಮೇಲಕ್ಕೆ ಹೊಡೆದದ್ದು:
ಆ ವರ್ಷ ಬಾವಿ ಮುಚ್ಚಿತ್ತು, ನೀರು ಮರಳಿತ್ತು.
ಅದನ್ನೂ ಬರೆದಿಟ್ಟಿದ್ದಾಳೆ, ಮೊಳೆಯಲ್ಲಿ.

ಟೇಪು ಬಿಚ್ಚಿದೆ.
ಕನ್ನಡಕಕ್ಕೆ ಉಗಿ ಹಿಡಿಯಿತು.
ಒರೆಸಿಕೊಂಡು
ಮೊದಲ ಮೊಳೆಯಿಂದ ಅಳೆದೆ.